ಬಡಿದು ನೋಡದ ಕಬ್ಬಿಣ

ರಾಜೇಸಾಬರಲ್ಲಿ ನಾನು ಮೊದಲು ಕಂಡದ್ದು ಅವರ ಪಾದಗಳನ್ನು. ೧೯೫೧ರ ಶ್ರಾವಣ. ಸಾಲಗುಂದದ ಆಚೆ, ಮುಂದೆ ಕಾಲುವೆ ಬರಬೇಕಿದ್ದ ಎರೆಹೊಲದಲ್ಲಿ ನಮ್ಮ ಸರ್ವೆ ಕಚೇರಿಯ ಜೀಪು ಹೂತು ನಿಂತಿತ್ತು. ಅದರ ಅಡಿಯಿಂದ ಎರಡು ಪಾದಗಳು ಹೊರಚಾಚಿದ್ದವು. ಒಂದರಲ್ಲಿ ಟೈರಿನ ಚಪ್ಪಲಿ, ಇನ್ನೊಂದರಲ್ಲಿ ಬರೀ ಕೆಸರು. ನಾನು ಅಂದೇ ಕೆಲಸಕ್ಕೆ ಸೇರಿದ್ದೆ. ಹೈದರಾಬಾದಿನಲ್ಲಿ ಬಿ.ಎಸ್ಸಿ. ಮುಗಿಸಿದ್ದೆ, ನಮ್ಮ ಮನೆತನದಲ್ಲಿ ಶಾಲೆ ಕಂಡವನೇ ನಾನು ಮೊದಲು. ಹೊಸ ಬೂಟು ಕೆಡಬಾರದೆಂದು ಕಲ್ಲಿನ ಮೇಲೆ ನಿಂತಿದ್ದೆ.

ಸ್ವಲ್ಪ ಹೊತ್ತಿಗೆ ಅವರು ಹೊರಬಂದರು. ನಲವತ್ತೈದರ ಆಸುಪಾಸಿನ ಒಣ ಮೈ, ಗಡ್ಡದಲ್ಲೂ ಕೆಸರು. ಕೈಯಲ್ಲಿದ್ದ, ಮುಂದಿನ ಎರಡು ಗಾಲಿಗಳನ್ನು ಜೋಡಿಸುವ ಅಡ್ಡ ಸರಳು ಬಾಗಿ ಬಿಲ್ಲಿನಂತಾಗಿತ್ತು. ಅದನ್ನು ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿದರು. ಆಮೇಲೆ ಹಗ್ಗ ಕಟ್ಟಿ ಜಾಲಿಗಿಡದ ಕೊಂಬೆಗೆ ತೂಗುಬಿಟ್ಟು, ಸಣ್ಣ ಸುತ್ತಿಗೆಯಿಂದ ಒಂದೇ ಪೆಟ್ಟು ಹಾಕಿದರು. ನಾನು ಏನೋ ಕೇಳಲು ಬಾಯಿ ತೆರೆದೆ. ಅವರು ಕೈ ಎತ್ತಿದರು.

“ಒಂದ್ ಗಳಿಗಿ ಸುಮ್ನಿರ್ರಿ ಸಾಹೇಬ್ರ. ಅದು ಮಾತಾಡಾಕತ್ತೈತಿ.”

ಸರಳು ಎತ್ತಿನ ಕೊರಳ ಗಂಟೆಯಂತೆ ಬಹಳ ಹೊತ್ತು ಗುಂಯ್‌ಗುಟ್ಟಿತು. ಒಳಗೆ ಬಿರುಕಿದ್ದರೆ ಒಡಕು ಗಡಿಗೆಯಂತೆ ತಪ್ ಎಂದು ಸುಮ್ಮನಾಗುತ್ತದೆ ಎಂದು ಆಮೇಲೆ ತಿಳಿಸಿ ಹೇಳಿದರು. ಇದನ್ನು ಅವರು ಕಲಿತದ್ದು ಬಂಡಿಗೆ ಕಬ್ಬಿಣದ ಅಚ್ಚು ಹಾಕುತ್ತಿದ್ದ ತಂದೆಯಿಂದ. ಮುಂದೆ ಒಬ್ಬ ಜಾಗೀರದಾರರ ಮೋಟಾರನ್ನು ಹತ್ತು ವರ್ಷ ನೋಡಿಕೊಂಡಿದ್ದರು. ಜಾಗೀರು ಹೋಯಿತು, ಮೋಟಾರೂ ಹೋಯಿತು. ನಿಜಾಮರ ಆಳಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ನಂತರದ ಆ ದಿನಗಳಲ್ಲಿ ಅವರಂಥ ಮುಸಲ್ಮಾನರಿಗೆ ಕೆಲಸ ಸಿಗುವುದು ಸುಲಭವಿರಲಿಲ್ಲ. ನಮ್ಮಲ್ಲಿ ದಿನಗೂಲಿಗೆ ಬಂದಿದ್ದರು. ಅವರನ್ನು ಕಾಯಂ ಮಾಡಬೇಕೆಂಬ ಕಾಗದವನ್ನು ಮರುವರ್ಷ ನಾನೇ ಬರೆದೆ. ನಮ್ಮ ಕಚೇರಿಯ ಎಂಜಿನಿಯರರ ಸಹಿಯೊಂದೇ ಬಾಕಿಯಿತ್ತು.

ಅಷ್ಟರಲ್ಲಿ ಜೀಪಿನ ಪ್ರಶ್ನೆ ಬಂತು. ನಾವು ತಿರುಗುವ ಕಡೆ ರಸ್ತೆಯೆಂಬುದೇ ಇರಲಿಲ್ಲ. ಎರೆಮಣ್ಣು, ಹಳ್ಳ, ಬಂಡೆ. ಕೆಸರಿನಲ್ಲಿ ಹಿಡಿತ ಸಿಗಲೆಂದು ಎಂಜಿನಿಯರರು ದಪ್ಪ ಟೈರು ಹಾಕಿಸಿದ್ದರು. ಆ ಭಾರವನ್ನು ತಿರುಗಿಸಲಾಗದೆ ಸ್ಟೇರಿಂಗಿನ ಸರಳುಗಳು ತಿಂಗಳಿಗೊಮ್ಮೆ ಬಾಗುತ್ತಿದ್ದವು. ದೊಡ್ಡ ಮಿಲಿಟರಿ ಗಾಡಿಯ ಮುಂದಿನ ಆಕ್ಸಲ್ ಮತ್ತು ಸ್ಟೇರಿಂಗ್ ಸಾಮಾನು ತಂದು ಹಚ್ಚಬೇಕೆಂದು ನಿರ್ಧಾರವಾಯಿತು. ಆರಿಸುವ ಅಧಿಕಾರ ನನ್ನದು, ಏಕೆಂದರೆ ಕಬ್ಬಿಣದ ಮೇಲಿನ ಇಂಗ್ಲಿಷ್ ಅಂಕಿಗಳನ್ನು ಓದಬಲ್ಲವನು ನಾನು. ಜತೆಗೆ ರಾಜೇಸಾಬರು.

ಲಿಂಗಸುಗೂರಿನ ಹಳೆಯ ದಂಡಿನ ಛಾವಣಿಯ ಹತ್ತಿರ ಜಂಬಣ್ಣ ಎಂಬವರ ಹಳೇ ಕಬ್ಬಿಣದ ಅಂಗಡಿ. ಅಲ್ಲಿ ಎರಡು ಆಕ್ಸಲ್‌ಗಳು ಬಿದ್ದಿದ್ದವು. ಒಂದಕ್ಕೆ ತುಕ್ಕು. ಇನ್ನೊಂದಕ್ಕೆ ಹಸಿರು ಬಣ್ಣ, ಎಣ್ಣೆಯ ಮಿರುಗು, ಸ್ಪಷ್ಟವಾದ ಅಂಕಿಗಳು. ರಾಜೇಸಾಬರು ತುಕ್ಕಿನದರ ಮುಂದೆ ಕುಳಿತರು. ಎರಡರ ತೋಳುಗಳನ್ನೂ ಬಿಚ್ಚಿ, ತೂಗುಹಾಕಿ ಬಡಿದು ನೋಡೋಣವೆಂದು ಹೇಳಿ ಹಗ್ಗ ತರಲು ಹೋದರು. ತೋಳು ಎಂದರೆ ಗಾಲಿಯನ್ನು ಹೊರಳಿಸುವ ಗಿಡ್ಡ ಕಬ್ಬಿಣ.

ಆಗ ಜಂಬಣ್ಣ ನನ್ನನ್ನು ದಿಟ್ಟಿಸಿ, ನೀ ಕನಕರಾಯನ ಮಗ ಅಲ್ಲೇನು ಎಂದರು. ಮೊದಲು ಎತ್ತಿನ ದಲಾಲಿ ಮಾಡುತ್ತಿದ್ದ ಅವರಿಗೆ ನಮ್ಮಪ್ಪ ಗೊತ್ತು. ಅಪ್ಪನ ಮಾತಿನ ನೇಮವನ್ನು ಹೊಗಳಿದರು, ಚಹಾ ತರಿಸಿದರು, ಹೆಗಲ ಮೇಲಿನ ವಲ್ಲಿಬಟ್ಟೆಯನ್ನು ತೆಗೆದು ತಮ್ಮ ಕೈಮೇಲೆ ಹಾಸಿಕೊಂಡರು. ದನದ ಸಂತೆಯಲ್ಲಿ ವಲ್ಲಿಯ ಅಡಿ ಬೆರಳು ಹಿಡಿದು ದರ ಮಾಡುವುದನ್ನು ಚಿಕ್ಕಂದಿನಿಂದ ನೋಡಿದವನು ನಾನು. ನನಗೆ ಯಾರೂ ಹಾಗೆ ಕೈ ನೀಡಿರಲಿಲ್ಲ. ಹಿಗ್ಗಿ ಹೋದೆ. ವಲ್ಲಿಯೊಳಗೆ ಕೈ ಇಟ್ಟೆ. ಹಸಿರು ಆಕ್ಸಲ್ ನಮ್ಮದಾಯಿತು.

ರಾಜೇಸಾಬರು ಹಗ್ಗ ಹಿಡಿದು ಬಂದರು.

“ಕೈ ಆಗೈತಿ ಮಿಸ್ತ್ರಿ,” ಎಂದೆ. “ಇನ್ನ ಬಡದು ನೋಡಿದ್ರ ಮಾತಿಗೆ ಬೆಲಿ ಇಲ್ದಂಗ ಆಕ್ಕೈತಿ.”

“ಎತ್ತಿನ ಹಲ್ಲು ಯಾವಾಗ ನೋಡ್ತಾರ್ರೀ ಸಾಹೇಬ್ರ? ಕೈ ಆಗೂಕಿಂತ ಮೊದಲೋ, ಆಮ್ಯಾಲೋ?”

ಜಂಬಣ್ಣ ನಕ್ಕರು. “ಇದಕ್ಕ ಹಲ್ಲು ಎಲ್ಲಿ ಹುಡುಕ್ತೀಯೋ ಸಾಬ?”

ನಾನೂ ನಕ್ಕೆ. ಆ ನಗು ಈಗಲೂ ನನ್ನನ್ನು ಬಿಟ್ಟಿಲ್ಲ. ರಾಜೇಸಾಬರು ಹಗ್ಗವನ್ನು ಸುತ್ತಿ ಬಗಲಲ್ಲಿಟ್ಟುಕೊಂಡರು.

ನಮ್ಮ ಕಚೇರಿಯಿದ್ದ ಸಿಂಧನೂರಿಗೆ ಬಂದ ಮೇಲೆ ಹಚ್ಚುವ ಮೊದಲು ಅವರು ಬಡಿದು ನೋಡಿದರು. ಎಡಗಡೆಯ ತೋಳು ಗುಂಯ್‌ಗುಟ್ಟಿತು. ಬಲಗಡೆಯದು ತಪ್ ಎಂದಿತು. ಬಣ್ಣ ಕೆರೆದಾಗ ಕೂದಲಿನಷ್ಟು ತೆಳುವಾದ ಬೆಸುಗೆಯ ಗೆರೆ ಕಂಡಿತು. ತಿರುಗಿ ಒಯ್ದು ಕೊಡೋಣ, ಇಲ್ಲವೇ ಎಂಟು ದಿನ ಕೊಡಿ, ಬೇರೆ ತೋಳು ಹುಡುಕುತ್ತೇನೆ ಎಂದರು. ಎಂಜಿನಿಯರರು ಮಸ್ಕಿ ಕಡೆಯ ಅಳತೆಗೆ ಅವಸರ ಮಾಡುತ್ತಿದ್ದರು. ಆರಿಸುವುದರಲ್ಲಿ ತಪ್ಪಿದೆನೆಂದು ಅವರ ಮುಂದೆ ಹೇಳುವ ಧೈರ್ಯ ನನಗಾಗಲಿಲ್ಲ. ಈ ಅಳತೆಯೊಂದು ಮುಗಿಯಲಿ ಎಂದೆ. ರಾಜೇಸಾಬರು ತೋಳನ್ನು ಕೈಯಲ್ಲೇ ತಿರುಗಿಸಿ ನೋಡಿದರು.

“ಹಂಗಾದ್ರ ನಾ ಒಬ್ಬನ ನಡಸ್ತೀನ್ರಿ. ಬ್ಯಾರೆಯವ್ರ ಕೈಗೆ ಕೊಡಬ್ಯಾಡ್ರಿ.”

ಹದಿನೇಳು ದಿನ ನಡೆಸಿದರು, ಎತ್ತಿನ ನಡಿಗೆಯಲ್ಲಿ. ಹದಿನೆಂಟನೆಯ ದಿನ ಮಸ್ಕಿಯ ಈಚೆ ಹಳ್ಳ ಇಳಿಯುವಾಗ ತೋಳು ಮುರಿಯಿತು. ಗಾಲಿ ಅಡ್ಡ ತಿರುಗಿ ಜೀಪು ದಂಡೆಯಿಂದ ಉರುಳಿತು. ಅದರಲ್ಲಿ ಅವರೊಬ್ಬರೇ ಇದ್ದರು. ಎಡಗೈ ಅಡಿಗೆ ಸಿಕ್ಕಿತು.

ವಾರದ ಮೇಲೆ ಡೇರೆಯಲ್ಲಿ ವಿಚಾರಣೆ. ಎಂಜಿನಿಯರರು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು: ಮುರಿದ ಸಾಮಾನು ಹಚ್ಚಿದವರು ಯಾರು? ಆರಿಸಿದವರು ಯಾರೆಂದು ಅವರು ಕೇಳಲಿಲ್ಲ. ನಾನಾಗಿ ಹೇಳಬಹುದಿತ್ತು. ಮಿಸ್ತ್ರಿ ಹಚ್ಚಿದ್ದು ಎಂದಷ್ಟೇ ಹೇಳಿದೆ. ರಾಜೇಸಾಬರಿಗೆ ಇಂಗ್ಲಿಷ್ ಬಾರದು. ಕೈಗೆ ಪಟ್ಟಿ ಕಟ್ಟಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ಎಂಜಿನಿಯರರು ಅದೇ ಪ್ರಶ್ನೆಯನ್ನು ಅವರಿಗೆ ಉರ್ದುವಿನಲ್ಲಿ ಕೇಳಿದರು. ನಾನೇ ಹಚ್ಚಿದ್ದು ಎಂದು ಅವರೂ ಹೇಳಿದರು. ನನ್ನ ಹೆಸರು ಎತ್ತಲಿಲ್ಲ. ಎಂಜಿನಿಯರರು ಕಾಯಂ ಮಾಡುವ ಕಾಗದವನ್ನು ನನ್ನ ಎದುರಿಗೇ ಹರಿದರು. ಮರುದಿನದಿಂದ ರಾಜೇಸಾಬರಿಗೆ ಕೆಲಸವಿರಲಿಲ್ಲ. ಮೋಟಾರು ಕೆಡಿಸಿದ ಮಿಸ್ತ್ರಿ ಎಂಬ ಹೆಸರು ಸುತ್ತಲ ಊರಿಗೆಲ್ಲ ಹಬ್ಬಿತು. ಬೇರೆ ಯಾರೂ ಅವರ ಕೈಗೆ ಗಾಡಿ ಕೊಡಲಿಲ್ಲ. ನನ್ನ ನೌಕರಿ ಮುಂದಿನ ವರ್ಷ ಕಾಯಂ ಆಯಿತು.

ಊರಿಗೆ ಹೋದಾಗ ಅಪ್ಪನಿಗೆ ಆಕ್ಸಲ್ ಕೊಂಡದ್ದನ್ನಷ್ಟೇ ಹೇಳಿದೆ. ವಲ್ಲಿಯ ಮಾತು ಕೇಳಿ ಅಪ್ಪ ಸಂತೋಷಪಡುತ್ತಾನೆಂದುಕೊಂಡಿದ್ದೆ. “ನೋಡಿ ಹಿಡದಿ ಹೌದಿಲ್ಲೋ ತಮ್ಮಾ?” ಎಂದ. ಹೂಂ ಎಂದೆ. ಅದೂ ಸುಳ್ಳು.

ಮೂರು ವರ್ಷ ನಾನು ಮಸ್ಕಿಯ ದಾರಿ ತಪ್ಪಿಸಿಯೇ ತಿರುಗಿದೆ. ಈ ವರ್ಷದ ಯುಗಾದಿಯ ಹಿಂದೆಮುಂದೆ ಮಸ್ಕಿ ಹತ್ತಿರದ ಸಂತೆಕಲ್ಲೂರಿಗೆ ಹೋದೆ. ರಾಜೇಸಾಬರು ಅಲ್ಲಿರುವರೆಂದು ತಿಳಿದಿತ್ತು. ಅವರ ಹೆಂಡತಿ ಬಿಬಿಜಾನ್ ನೀರು ಕೊಟ್ಟು, ಯಾರೆಂದು ಕೇಳಿದರು. ನಾನು ಹೆಸರು ಹೇಳಿದ ಮೇಲೆ ಒಳಗೆ ಹೋದವರು ತಿರುಗಿ ಬರಲಿಲ್ಲ. ಅಂದು ಡೇರೆಯಲ್ಲಿ ನಾನು ಹೇಳಬೇಕಾಗಿದ್ದುದನ್ನೆಲ್ಲ ರಾಜೇಸಾಬರ ಮುಂದೆ ಹೇಳಿದೆ. ನೀವಾದರೂ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ.

“ಸಪ್ಪಳ ಕೇಳಿದವ ನಾನ ಅಲ್ಲೇನ್ರಿ? ಕೇಳಿನೂ ಹಚ್ಚಿದೆ. ನಮ್ಮಪ್ಪ ಇದ್ದಿದ್ರ ಮುಖ ನೋಡ್ತಿದ್ದಿಲ್ಲ.” ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟರು. “ನಂದು ನನಗೈತಿ, ನಿಮ್ದು ನಿಮಗೈತಿ. ನಿಮ್ದನ್ನ ನಾ ಹೊರಂಗಿಲ್ರಿ.”

ಕ್ಷಮಿಸಿದೆ ಎನ್ನಲಿಲ್ಲ. ಸಿಂಧನೂರಿಗೆ ಬಂದು, ಈಗ ಬೇರೆ ಜಿಲ್ಲೆಯಲ್ಲಿರುವ ಆ ಎಂಜಿನಿಯರರಿಗೆ ನಡೆದದ್ದನ್ನು ನಡೆದಂತೆ ಬರೆದು ಹಾಕಿದೆ. ಜೀಪು ಹರಾಜಾಗಿದೆ, ಕಡತ ಮುಚ್ಚಿದೆ ಎಂದು ಎರಡು ಸಾಲಿನ ಉತ್ತರ ಬಂತು. ಆ ಉತ್ತರವನ್ನು ಸಂತೆಕಲ್ಲೂರಿಗೆ ಒಯ್ದು ಓದಿ ಹೇಳಿದೆ. ರಾಜೇಸಾಬರು ತಲೆಯಾಡಿಸಿದರು.

ಈಗ ಅವರು ಅಲ್ಲೇ ಬೇವಿನ ಗಿಡದ ಕೆಳಗೆ ಬಂಡಿಗಳಿಗೆ ಅಚ್ಚು ಹಾಕುತ್ತಾರೆ. ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಪ್ರತಿ ಅಚ್ಚನ್ನೂ ಕೊಂಬೆಗೆ ತೂಗುಹಾಕಿ, ಬಡಿದು, ಸಪ್ಪಳ ಕೇಳಿದ ಮೇಲೆಯೇ ಹಚ್ಚುತ್ತಾರೆ.