ಚಿನ್ನ ಎಂದರೆ ಚಿಕ್ಕದು

“ಚಿನ್ನ ಪ್ರಮಾಣ ಅಂದ್ರೆ ನೋಟು ಚಿಕ್ಕ ಪ್ರಮಾಣದಲ್ಲಿ ಅಚ್ಚು ಹಾಕೋದು ಸಾರ್,” ಎಂದು ಪದ್ಮಾ ಎದ್ದು ನಿಂತು ಹೇಳಿದಾಗ ಇಡೀ ತರಗತಿ ಗೊಳ್ಳೆಂದು ನಕ್ಕಿತು. ಎಂಬತ್ತರ ದಶಕದ ಬಂಗಾರಪೇಟೆಯ ಕಾಲೇಜು, ಸಮಗ್ರ ಅರ್ಥಶಾಸ್ತ್ರದ ಮೊದಮೊದಲ ಪಾಠ; ಅಂದಿನ ವಿಷಯ ಚಿನ್ನ ಪ್ರಮಾಣ, ಅಂದರೆ ಗೋಲ್ಡ್ ಸ್ಟ್ಯಾಂಡರ್ಡ್. ಪದ್ಮಾ ಕೆ.ಜಿ.ಎಫ್. ಚಿನ್ನದ ಗಣಿಯ ನಂದಿದುರ್ಗ ಕಾಲೋನಿಯಿಂದ ರೈಲಿನಲ್ಲಿ ಬರುತ್ತಿದ್ದಳು. ಅವಳ ಮನೆಮಾತು ತೆಲುಗು. ಅದರಲ್ಲಿ ಚಿನ್ನ ಎಂದರೆ ಚಿಕ್ಕದು.

“ಗಣಿ ಮೇಲೇ ಮನೆ ಮಾಡ್ಕೊಂಡವ್ಳೆ, ಚಿನ್ನ ಗೊತ್ತಿಲ್ವಂತೆ ಕಣ್ಲಾ!” ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ಕನ್ನಡದಲ್ಲಿ ಮಾಡುವ ಪಾಠ ತಲೆಗೆ ಹತ್ತುತ್ತಿಲ್ಲ, ಓದು ಬಿಟ್ಟುಬಿಡುತ್ತೇನೆ ಎಂದು ಅವಳು ಆ ವಾರವೇ ನನ್ನ ಬಳಿ ಹೇಳಿದ್ದಳು. ಈಗ ಪುಸ್ತಕ ಎತ್ತಿಕೊಂಡು ಬಾಗಿಲಿನತ್ತ ನಡೆದೇಬಿಟ್ಟಳು.

ಆಂಧ್ರದ ಗಡಿಯ ಹಳ್ಳಿಯವರಾದ ನಮ್ಮ ಅಧ್ಯಾಪಕರು ನಗಲಿಲ್ಲ. “ಬಾಮ್ಮ, ಕೂತ್ಕೋ. ನಮ್ಮಮ್ಮ ಇವತ್ತಿಗೂ ನನ್ನ ‘ಚಿನ್ನೋಡಾ’, ಚಿಕ್ಕೋನೇ, ಅಂತಾನೇ ಕರೆಯೋದು. ಸರ್ಕಾರದ ಹತ್ರ ಬಂಗಾರ ಇದ್ದಷ್ಟಕ್ಕೇ ನೋಟು ಅಂದ್ರೆ ಕಡಿಮೇನೇ ಅಚ್ಚಾಗೋದು. ನೀನು ಹೇಳಿದ್ದು ಪೂರ್ತಿ ತಪ್ಪೇನಲ್ಲ,” ಎಂದರು. ಕಪ್ಪು ಹಲಗೆಯ ಮೇಲಿದ್ದ ‘ಚಿನ್ನ’ವನ್ನು ಅಳಿಸಿ, ಎರಡೂ ಭಾಷೆಯವರಿಗೆ ತಿಳಿಯುವ ‘ಬಂಗಾರ’ ಎಂದು ಬರೆದರು. ಪದ್ಮಾ ಹಿಂತಿರುಗಿ ಬಂದು ನನ್ನ ಪಕ್ಕ ಕುಳಿತಳು.

ಅವರು ಇದೇ ಮಾತುಗಳಲ್ಲಿ ಹೇಳಿದರೋ, ಇಷ್ಟು ವರ್ಷಗಳಲ್ಲಿ ನಾನೇ ತಿದ್ದಿಕೊಂಡೆನೋ, ಹೇಳಲಾರೆ. ಪದ್ಮಾ ಓದು ಬಿಡಲಿಲ್ಲ ಎಂಬುದು ಮಾತ್ರ ಖಚಿತ. ಯಾರಾದರೂ ತಪ್ಪು ಉತ್ತರ ಕೊಟ್ಟಾಗ, ಅವರ ಮನೆಯಲ್ಲಿ ಅದು ಸರಿಯೇ ಇರಬಹುದೇನೋ ಎಂದು ಈಗಲೂ ನಗುವ ಮೊದಲು ಒಂದು ಕ್ಷಣ ತಡೆಯುತ್ತೇನೆ.