ಕಜ್ಜಿಯೂ ಅತ್ತೆಯವರ ಕಂಬಳಿಯೂ

ಇವತ್ತು ಮಾಡಿದ ಕೆಲಸಗಳು: ಕೊಟ್ಟಿಗೆ ಗುಡಿಸಿದೆ. ಹಂಡೆ ತುಂಬಿಸಿದೆ. ಪೂಜೆಗೆ ಹೊರಟ ಮನೆಯವರಿಗೆ ಹೂ ಕೊಯ್ದುಕೊಟ್ಟೆ. ಮಗಳು ಶಾರದೆಗೆ ಎರಡು ಜಡೆ ಹಾಕಿ ಶಾಲೆಗೆ ಬಿಟ್ಟುಬಂದೆ. ಮೊದಲ ಮೂರಕ್ಕೆ ಒಂದು ಬೆಳಗು ಸಾಕಾಯಿತು. ಕೊನೆಯದಕ್ಕೆ ಐದು ವಾರ ಹಿಡಿಯಿತು.

ಅವಳಿಗೆ ಕಜ್ಜಿಯಾಗಿತ್ತು. ಜ್ವರ ಬಂದರೆ ನೆಂಟರು ಒಳಗೆ ಬಂದು ಹಣೆ ಮುಟ್ಟುತ್ತಾರೆ. ಕಜ್ಜಿಯಾದರೆ ಅಂಗಳದ ತುದಿಯಲ್ಲೇ ನಿಂತು ಕ್ಷೇಮ ಕೇಳುತ್ತಾರೆ. ಕಜ್ಜಿ ಮಾತ್ರ ಅಂಥದ್ದಲ್ಲ, ಬಹಳ ಸ್ನೇಹಜೀವಿ. ಅದು ಮೊದಲು ಬಂದು ಕೂರುವುದೇ ಬೆರಳುಗಳ ಸಂದಿಯಲ್ಲಿ, ಅಂದರೆ ನಾವು ಪರಸ್ಪರ ಕೊಟ್ಟು ತೆಗೆದುಕೊಳ್ಳುವ ಜಾಗದಲ್ಲಿ.

ಮಾಸ್ತರು ಅವಳ ಕೈ ನೋಡಿ, "ಪೂರ್ತಿ ಗುಣ ಆಯ್ಲಿ, ಮತ್ತ್ ಕಾಂಬ" ಎಂದು ಮನೆಗೆ ಕಳಿಸಿದರು. ಅವರದು ತಪ್ಪಲ್ಲ. ಆದರೆ ಐದನೆಯ ತರಗತಿಯ ಪರೀಕ್ಷೆ ಹತ್ತಿರವಿತ್ತು, ಮನೆಯಲ್ಲಿ ಅತ್ತೆಯವರಿದ್ದರು.

"ಪರೀಕ್ಷೆ ತಪ್ಪಿರೆ ತಪ್ಲಿ. ಹತ್ ವರ್ಷದ ಹೆಣ್ಣಿಗೆ ಇನ್ನೆಂತಕ್ಕೆ ಶಾಲಿ? ಮನೆಯಂಗೇ ಇರ್ಲಿ" ಎಂದರು.

ಮನೆಯವರು ಎಲೆಯಡಿಕೆ ಜಗಿಯುತ್ತ ಸುಮ್ಮನಿದ್ದರು. ಅವರ ಮೌನವೆಂದರೆ ಒಪ್ಪಿಗೆ. ಹದಿನೆಂಟು ವರ್ಷದಿಂದ ನಾನು ಓದುತ್ತಿರುವ ಗ್ರಂಥ ಅದೊಂದೇ.

ಕುಂದಾಪುರದ ಡಾಕ್ಟರು ಗಂಧಕದ ಮುಲಾಮು ಕೊಟ್ಟು, ಮನೆಯವರೆಲ್ಲರೂ ಹಚ್ಚಿಕೊಳ್ಳಬೇಕು, ಬಟ್ಟೆಯೆಲ್ಲ ಕುದಿಸಬೇಕು ಎಂದರು. ಯುದ್ಧದ ದೆಸೆಯಿಂದ ಸಾಬೂನಿಗೆ ಬರ. ಅಂಟುವಾಳ ಹಾಕಿ ಕುದಿಸಿದ್ದೇ ಕುದಿಸಿದ್ದು. ದಿಂಬಿನ ಚೀಲವನ್ನೂ ಬಿಡಲಿಲ್ಲ, ಮನೆಯವರ ಜನಿವಾರವೊಂದು ಉಳಿಯಿತು. ಎಂಟು ದಿನದಲ್ಲಿ ಶಾರದೆಯ ಕೈ ತಿಳಿಯಾಯಿತು. ಹನ್ನೆರಡನೆಯ ದಿನ ಮತ್ತೆ ತುರಿಕೆ! ಇನ್ನೊಮ್ಮೆ ಮುಲಾಮು, ಇನ್ನೊಮ್ಮೆ ಹಂಡೆ, ಇನ್ನೊಮ್ಮೆ ತುರಿಕೆ. ಕಜ್ಜಿಗೂ ನನಗೂ ಯಾವುದೋ ಜನ್ಮದ ಋಣವಿರಬೇಕು ಅಂದುಕೊಂಡೆ.

ಒಂದು ಸಂಜೆ ಅತ್ತೆಯವರು ಜಪಕ್ಕೆ ಕೂತಿದ್ದರು. ಮಣಿ ಸರಿಯುತ್ತಿತ್ತು, ನಿಲ್ಲುತ್ತಿತ್ತು. ಅವರು ಬೆರಳ ಸಂದು ಕೆರೆದುಕೊಂಡ ಮೇಲೆ ಮತ್ತೆ ಸರಿಯುತ್ತಿತ್ತು. ದೀಪ ಹಚ್ಚುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಮಡಿಯ ಹೆಂಗಸೆಂದು ಅವರು ಮುಲಾಮು ಮುಟ್ಟಿರಲಿಲ್ಲ. ರಾತ್ರಿ ಅವರು ಹಾಸಿ ಮಲಗುವುದು ಕಂಬಳಿಯ ಮೇಲೆ. ಅವರ ಮಗ್ಗುಲಲ್ಲಿ ಶಾರದೆ. ಉಣ್ಣೆಗೆ ಮೈಲಿಗೆಯಿಲ್ಲ, ಮೈಲಿಗೆಯಿಲ್ಲದ್ದನ್ನು ಒಗೆಯುವುದಿಲ್ಲ. ಇದು ಅತ್ತೆಯವರೊಬ್ಬರ ನಂಬಿಕೆಯಲ್ಲ. ಊರಿನ ಬಟ್ಟೆಯನ್ನೆಲ್ಲ ಕುದಿಸಿದ ನನಗೂ ಆ ಕಂಬಳಿ ಕಣ್ಣಿಗೇ ಬಿದ್ದಿರಲಿಲ್ಲ. ಕಜ್ಜಿಗೆ ಮಾತ್ರ ನಮ್ಮ ಶಾಸ್ತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

"ನಿಮಗೂ ಕಜ್ಜಿ" ಎಂದು ಅತ್ತೆಗೆ ಹೇಳುವ ಸೊಸೆ ನಮ್ಮ ಬಸ್ರೂರಿನಲ್ಲಿ ಇನ್ನೂ ಹುಟ್ಟಿಲ್ಲ. ಮಾರನೆಯ ಬೆಳಿಗ್ಗೆ ಮೆಲ್ಲಗೆ ಕೇಳಿದೆ: "ಅತ್ತೆ, ಬಿಸ್ಲಿಗ್ ಹಾಕಿರೆ ಕಂಬ್ಳಿ ಮೈಲ್ಗಿ ಆತ್ತಾ?"

"ಸೂರ್ಯದೇವ್ರ್ ಮುಟ್ಟಿರೆ ಎಂತ ಮೈಲ್ಗಿ ಮಾರಾಯ್ತಿ!"

ಕಂಬಳಿ ಎಂಟು ದಿನ ಅಂಗಳದ ಸುಡುಬಿಸಿಲಲ್ಲಿ ಬಿದ್ದುಕೊಂಡಿತು. ಅಜ್ಜಿ ಮೊಮ್ಮಗಳಿಗೆ ಹೊಸ ಓಲೆಚಾಪೆ ಕೊಟ್ಟೆ. ಮುಲಾಮಿನ ಬಟ್ಟಲನ್ನು ಅತ್ತೆಯವರು ಸೀರೆ ಉಡುವ ಕೋಣೆಯ ಗೂಡಿನಲ್ಲಿ ಮರೆತವಳಂತೆ ಬಿಟ್ಟೆ. ದಿನದಿನಕ್ಕೆ ಮುಲಾಮು ಇಳಿಯಿತು. ಅತ್ತೆಯವರು ಹಾದುಹೋದಲ್ಲೆಲ್ಲ ಗರ್ನಾಲು ಸಿಡಿಸಿದಂಥ ಗಂಧಕದ ವಾಸನೆ. ಮನೆಯವರು ಒಮ್ಮೆ ಮೂಗರಳಿಸಿ ಬಾಯಿ ತೆರೆದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ನಾನು ಕಣ್ಣು ದೊಡ್ಡದು ಮಾಡಿದೆ. ತೆರೆದ ಬಾಯಿಗೆ ಎಲೆಯಡಿಕೆ ಹೋಯಿತು.

ಇವತ್ತು ಬೆಳಿಗ್ಗೆ ಮಾಸ್ತರು ಶಾರದೆಯ ಒಂದೊಂದು ಬೆರಳನ್ನೂ ಬಿಡಿಸಿ ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಎಂತದೂ ಇಲ್ಲೆ. ನಾಡಿದ್ದ್ ಪರೀಕ್ಷೆ, ಗೊತ್ತಿತ್ತಲ್ದಾ? ಒಳಗ್ ಕೂಕೊ, ಹೋಗ್."

ಮನೆಗೆ ಮರಳುವ ದಾರಿಯುದ್ದಕ್ಕೂ ಯಾರಾದರೂ ಎದುರಾಗಿ ಶಾರದೆ ಎಲ್ಲಿ ಎಂದು ಕೇಳಲಿ ಎಂದು ಬೇಕೆಂದೇ ನಿಧಾನ ನಡೆದೆ. ನಾಲ್ಕು ಜನ ಕೇಳಿದರು. ನಾಲ್ವರಿಗೂ ವಿವರವಾಗಿ ಹೇಳಿದೆ.

ರಾತ್ರಿಗೆ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಸುಟ್ಟ ಹಪ್ಪಳ. ಶಾರದೆಯ ಗಂಜಿಗೆ ಅತ್ತೆಯವರು ತಾವೇ ತುಪ್ಪ ಬಿಟ್ಟರು. ಊಟವಾದ ಮೇಲೆ ಅವಳು ಭೂಗೋಳ ಓದುತ್ತಿದ್ದಳು, ನದಿಗಳ ಪಾಠ. ಅಜ್ಜಿ ಮಲಗಿದಲ್ಲಿಂದಲೇ ಕೇಳಿದರು:

"ನಮ್ ಬಸ್ರೂರ್ ಹೊಳಿ ಹೆಸ್ರ್ ಅದ್ರಂಗ್ ಇತ್ತಾ?"

"ಇಲ್ಲೆ ಅಜ್ಜಿ."

"ಹಂಗಾರೆ ಎಂತ ಪುಸ್ತ್ಕ ಅದ್? ನೀ ದೊಡ್ ಶಾಲಿಗ್ ಹೋಯಿ, ಸಮಾ ಮಾಡಿ ಬರಿ."

ಇಷ್ಟು ಅಪ್ಪಣೆ ಕೊಡಿಸಿ ಎಲ್ಲರಿಗಿಂತ ಮೊದಲು ನಿದ್ದೆಹೋದವರು ಅತ್ತೆಯವರೇ.