ಎದುರುಗಾಳಿಗೆ ಎಸೆದ ಚೆಂಡು

ಕೊರೊನಾ ಹಿಂದೆ ಸರಿದು ಕಾಲೇಜುಗಳು ಮತ್ತೆ ತುಂಬಿಕೊಂಡ ವರ್ಷ ಅದು. ನಾನು ಗದಗ-ಬೆಟಗೇರಿಯ ಒಂದು ಮಹಿಳಾ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿದ್ದೆ. ಈಗಲೂ ಅಲ್ಲೇ ಇದ್ದೇನೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಮಾತ್ರ ಮನೆಗೆಲಸದ ಹಾಗೆ. ಬೆಳಿಗ್ಗೆ ಬಂದು ಮೈದಾನದ ಕಲ್ಲು ಆರಿಸಬೇಕು, ಸುಣ್ಣದ ಗೆರೆ ಎಳೆಸಬೇಕು, ಹರಿದ ನೆಟ್ ಹೊಲಿಯಬೇಕು, ಯಾವ ಹುಡುಗಿ ಹೊಟ್ಟೆಗೆ ಏನೂ ಇಲ್ಲದೆ ಬಂದಿದ್ದಾಳೆ ಎಂದು ಮುಖ ನೋಡಿಯೇ ತಿಳಿಯಬೇಕು. ಅಷ್ಟು ವರ್ಷ ಖೋಖೋ, ಕಬಡ್ಡಿ, ವಾಲಿಬಾಲ್ ಆಡಿಸಿಕೊಂಡು ನೆಮ್ಮದಿಯಾಗಿದ್ದ ನನಗೆ ಆ ಆಷಾಢದಲ್ಲಿ ಒಂದು ಹೊಸ ಆಟ ಗಂಟುಬಿತ್ತು.

ಅದರ ಹೆಸರು ಫ್ಲ್ಯಾಗ್ ಫುಟ್‌ಬಾಲ್. ಅಮೆರಿಕನ್ ಫುಟ್‌ಬಾಲ್‌ನ ತಂಗಿ ಎನ್ನಬಹುದು. ಅಕ್ಕನ ಆಟದಲ್ಲಿ ಹೆಲ್ಮೆಟ್ ಹಾಕಿಕೊಂಡು ಒಬ್ಬರನ್ನೊಬ್ಬರು ಗುದ್ದಿ ಕೆಡವುತ್ತಾರೆ. ತಂಗಿಯ ಆಟದಲ್ಲಿ ಗುದ್ದುವಂತಿಲ್ಲ. ಪ್ರತಿಯೊಬ್ಬರ ಸೊಂಟದ ಪಟ್ಟಿಗೆ ಎರಡು ಬಟ್ಟೆಯ ಬಾಲ ಇಳಿಬಿಟ್ಟಿರುತ್ತದೆ, ಅದೇ ಫ್ಲ್ಯಾಗ್. ಚೆಂಡು ಹಿಡಿದವಳ ಫ್ಲ್ಯಾಗ್ ಕಿತ್ತರೆ ಅವಳು ಅಲ್ಲಿಗೇ ನಿಂತ ಲೆಕ್ಕ. ಒಂದು ಕಡೆಗೆ ಐದೇ ಜನ. ಅರ್ಧ ಮೈದಾನ ದಾಟಲು ನಾಲ್ಕು ಅವಕಾಶ, ದಾಟಿದ ಮೇಲೆ ಎದುರಾಳಿಯ ಕೊನೆಯ ಗೆರೆ ಮುಟ್ಟಲು ಮತ್ತೆ ನಾಲ್ಕು. ಮುಟ್ಟಿದರೆ, ಇಲ್ಲವೇ ಆ ಗೆರೆಯಾಚೆಯ ಪಟ್ಟಿಯಲ್ಲಿ ಚೆಂಡು ಹಿಡಿದರೆ ಟಚ್‌ಡೌನ್, ಆರು ಅಂಕ. ಆಮೇಲೆ ಹತ್ತಿರದಿಂದ ಇನ್ನೊಮ್ಮೆ ಪ್ರಯತ್ನಿಸಿ ಒಂದು ಅಂಕ ಹೆಚ್ಚಿಗೆ ಗಳಿಸಬಹುದು.

ಚೆಂಡು ಎರಡೂ ತುದಿಗೆ ಚೂಪು. ಮೊದಲ ದಿನ ಅದನ್ನು ಚೀಲದಿಂದ ತೆಗೆದಾಗ ಬೆಟಗೇರಿಯ ನೇಕಾರರ ಮನೆಯ ಹುಡುಗಿ ರೇಣುಕಾ, "ಮೇಡಂರಿ, ಇದು ನಮ್ಮಜ್ಜಿ ಲಾಳಿ ಉಬ್ಬಿದಂಗ ಐತಲ್ರಿ" ಎಂದಳು. ಮಗ್ಗದ ಲಾಳಿ ಕಂಡವರೆಲ್ಲ ನಕ್ಕರು. ಫ್ಲ್ಯಾಗ್‌ಗಳು ಇನ್ನೂ ಬಂದಿರಲಿಲ್ಲ. ಮನೆಯಲ್ಲಿ ಕುಪ್ಪಸಕ್ಕೆಂದು ತಂದು ಉಳಿದಿದ್ದ ಖಣದ ತುಂಡುಗಳನ್ನು ಉದ್ದಕ್ಕೆ ಕತ್ತರಿಸಿ, ಅಂಚು ಮಡಚಿ ಹೊಲಿದು, ಸೊಂಟಕ್ಕೆ ಸಿಕ್ಕಿಸಿಕೊಟ್ಟೆ. ನಮ್ಮ ಅಮೆರಿಕದ ಆಟ ಹಾಗೆ ಶುರುವಾಯಿತು.

ಎಸೆಯುವವಳು ತಕ್ಷಣ ಸಿಕ್ಕಳು. ಲಕ್ಷ್ಮೇಶ್ವರದ ಶಾಹೀನ್ ಹ್ಯಾಂಡ್‌ಬಾಲ್ ಆಡಿದವಳು. ಅವಳ ಕೈಯಿಂದ ಚೆಂಡು ಹೊರಟರೆ ಸುಂಯ್ ಎಂದು ತಿರುಗುತ್ತ ಹೋಗುತ್ತಿತ್ತು. ಉಳಿದ ಜಾಗಗಳಿಗೂ ಒಬ್ಬೊಬ್ಬರು ಒಗ್ಗಿಕೊಂಡರು. ಕಷ್ಟವಾದದ್ದು ಒಂದೇ ಜಾಗ: ವೈಡ್ ರಿಸೀವರ್. ಮೈದಾನದ ಅಂಚಿನಲ್ಲಿ ನಿಂತು, ಮುಂದಕ್ಕೆ ಓಡಿ, ದೂರದಿಂದ ಬರುವ ಚೆಂಡನ್ನು ಹಿಡಿಯುವವಳು. ಅದಕ್ಕೆ ಇಬ್ಬರಿದ್ದರು, ಇಬ್ಬರೂ ಒಂದೊಂದು ತುದಿ.

ಒಬ್ಬಳು ಆಗಲೇ ಹೇಳಿದ ರೇಣುಕಾ. ಮೊದಲ ವರ್ಷದ ಬಿ.ಎ. ಐದಡಿ ಮುಟ್ಟುತ್ತಿರಲಿಲ್ಲ. ಖೋಖೋದಲ್ಲಿ ಅವಳು ಬೆನ್ನಟ್ಟಿದರೆ ಎದುರಿನವರು ಓಡುವ ಮೊದಲೇ ಸೋಲೊಪ್ಪಿದ ಮುಖ ಮಾಡುತ್ತಿದ್ದರು. ಇನ್ನೊಬ್ಬಳು ಮುಳಗುಂದದ ಬಸವ್ವ, ಕೊನೆಯ ವರ್ಷದವಳು. ಐದಡಿ ಒಂಬತ್ತಂಗುಲ, ಅಗಲ ಭುಜ, ವಾಲಿಬಾಲ್‌ನಲ್ಲಿ ನಮ್ಮ ಸೆಟ್ಟರ್. ಅಂದರೆ ಬಂದ ಚೆಂಡನ್ನು ಬೆರಳ ತುದಿಯಿಂದ ಮೇಲೆತ್ತಿ ಹೊಡೆಯುವವಳಿಗೆ ಒದಗಿಸುವವಳು. ಬಸವ್ವನಿಗೆ ಬಿ.ಪಿ.ಎಡ್. ಮಾಡಿ ನನ್ನ ಹಾಗೆ ಮೈದಾನದ ಮಾಸ್ತರಿಣಿ ಆಗಬೇಕಿತ್ತು. ರಾಜ್ಯಮಟ್ಟದಲ್ಲಿ ಆಡಿದ ಪ್ರಮಾಣಪತ್ರವಿದ್ದರೆ ಸೀಟು ಸಿಗುವುದು ಸುಲಭ. ಆ ವರ್ಷ ನಮ್ಮ ವಾಲಿಬಾಲ್ ತಂಡ ವಲಯದಲ್ಲೇ ಸೋತಿತ್ತು. ಅವಳಿಗೆ ಉಳಿದಿದ್ದ ಬಾಗಿಲು ಈ ಹೊಸ ಆಟ ಒಂದೇ.

ಸಂಜೆ ರೊಟ್ಟಿ ಬಡಿಯುತ್ತ ಮೊಬೈಲ್ ಅನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟು ಅಮೆರಿಕದ ಆಟಗಳನ್ನು ನೋಡುತ್ತಿದ್ದೆ. ಅಲ್ಲಿಯೂ ಇದೇ ಜಗಳ. ಕೆಲವು ರಿಸೀವರ್‌ಗಳು ಬಾಗಿಲಷ್ಟು ಎತ್ತರ. ಇಬ್ಬರ ನಡುವೆ ಎದ್ದು, ತೆಂಗಿನಕಾಯಿ ಇಳಿಸಿದ ಹಾಗೆ ಚೆಂಡು ಇಳಿಸಿಕೊಳ್ಳುತ್ತಾರೆ. ಇನ್ನು ಕೆಲವರು ಸಣ್ಣ ಆಳು. ಒಂದು ಕಡೆ ಹೆಜ್ಜೆ ತೋರಿಸಿ ಇನ್ನೊಂದು ಕಡೆ ಮಾಯವಾಗುತ್ತಾರೆ. ವೇಗ ಬೇಕೋ, ಗಾತ್ರ ಬೇಕೋ ಎಂದು ದೊಡ್ಡ ದೊಡ್ಡ ತಜ್ಞರೇ ಕೋಟು ಹಾಕಿಕೊಂಡು ವಾದ ಮಾಡುತ್ತಿದ್ದರು.

ನಮ್ಮ ಯಜಮಾನರು ಅಡರಕಟ್ಟಿಯ ಒಕ್ಕಲುತನದ ಮನೆಯವರು. ತಾಟಿನ ಮುಂದೆ ಕೂತು ಅದನ್ನೇ ನೋಡುತ್ತ ಹೇಳಿದರು: "ಗಾಡಿಗೆ ಹೂಡೂ ಎತ್ತು ಬ್ಯಾರೆ, ನೇಗಿಲಕ್ಕ ಹೂಡೂ ಎತ್ತು ಬ್ಯಾರೆ. ನೀ ಸಂತಿಗೆ ಹೊಂಟಿಯೋ, ಹೊಲಕ್ಕ ಹೊಂಟಿಯೋ, ಮೊದಲ ಅದನ್ನ ಹೇಳು."

"ನಾ ಮುಂಡರಗಿಗೆ ಹೊಂಟೇನಿ" ಎಂದೆ. ವಲಯ ಮಟ್ಟದ ಪಂದ್ಯಗಳು ಅಲ್ಲಿದ್ದವು.

"ಹಂಗಾರ ಸೆರಗು ಗಟ್ಟಿ ಸಿಗಿಸ್ಕೋ. ಅಲ್ಲಿ ಗಾಳಿ ಭಾಳ" ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ತಾಲೀಮಿನಲ್ಲಿ ಇಬ್ಬರಿಗೂ ಒಂದೊಂದು ರೋಗ ಕಂಡಿತು. ಎರಡೂ ಅವರವರ ಹಳೆಯ ಆಟ ಹಚ್ಚಿದ ರೋಗ. ಖೋಖೋದಲ್ಲಿ ಬೆನ್ನಟ್ಟುವವಳು ಒಂದು ದಿಕ್ಕು ಹಿಡಿದ ಮೇಲೆ ಕಂಬ ಮುಟ್ಟುವ ತನಕ ಹಿಂದೆ ತಿರುಗುವಂತಿಲ್ಲ, ತಿರುಗಿದರೆ ತಪ್ಪು. ರೇಣುಕಾಗೆ ಅದು ನೆತ್ತರಲ್ಲಿ ಇಳಿದಿತ್ತು. ಚೆಂಡು ಅವಳ ಮುಂದೆ ಬಿದ್ದರೆ ಸಿಕ್ಕಂತೆಯೇ. ಒಂದು ಗೇಣು ಹಿಂದೆ ಬಿದ್ದರೂ ಅವಳು ತಿರುಗದೆ ಓಡಿಯೇ ಓಡುತ್ತಿದ್ದಳು. ಬಸವ್ವನದು ಬೇರೆ. ವಾಲಿಬಾಲ್‌ನಲ್ಲಿ ಚೆಂಡು ಹಿಡಿದರೆ ತಪ್ಪು. ಚೆಂಡು ತಲೆಯ ಮೇಲೆ ಬಂದರೆ ಸಾಕು, ಅವಳ ಹತ್ತೂ ಬೆರಳು ಹೂವಿನ ಹಾಗೆ ಅರಳಿ ಅದನ್ನು ಮತ್ತೆ ಆಕಾಶಕ್ಕೆ ಕಳಿಸುತ್ತಿದ್ದವು.

"ಬಸವ್ವಾ, ಹಿಡೀಬೇಕವಾ, ಹಾರಸಬಾರ್ದು."

"ಹೂನ್ರಿ ಮೇಡಂ" ಎನ್ನುವಳು. ಮುಂದಿನ ಚೆಂಡೂ ಹಾರುತ್ತಿತ್ತು.

"ಲೇ ರೇಣುಕಾ, ಚೆಂಡು ಹಿಂದ ಬಿತ್ತಲ್ಲಬೇ, ಹೊಳ್ಳಿ ಬರಬಾರ್ದನು?" ಎಂದು ಶಾಹೀನ್ ಸಿಟ್ಟಾಗುವಳು.

"ನೀ ಮುಂದ ಒಗಿ, ನಾ ಹೊಳ್ಳೂದ ಬ್ಯಾಡ."

ಮೂರು ವಾರ ಹೀಗೇ ಹೋಯಿತು. ಮುಂಡರಗಿಗೆ ಹೊರಡುವ ಮುಂಚೆ ನಾನು ವೇಗವನ್ನೇ ಆರಿಸಿದೆ. ರೇಣುಕಾ ಮೊದಲ ಐವರಲ್ಲಿ, ಬಸವ್ವ ಬದಲಿ ಆಟಗಾರ್ತಿ. ಗೆದ್ದರೆ ರಾಜ್ಯಕ್ಕೆ ಇಡೀ ತಂಡ ಹೋಗುತ್ತದೆ, ಬದಲಿಗಳೂ ಸೇರಿ. ಅಂದರೆ ಬಸವ್ವನ ಸೀಟು ಈಗ ರೇಣುಕಾಳ ಕಾಲಿನಲ್ಲಿತ್ತು. ಅದನ್ನು ತಿಳಿದೂ ಬಸವ್ವ ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತು ತನ್ನ ಬುತ್ತಿಯ ಶೇಂಗಾ ಹೋಳಿಗೆ ಮುರಿದು ಕೊಟ್ಟಳು. "ತಿನ್ನಬೇ. ಓಡಾಕ ಕಸುವು ಬೇಕು."

ಮುಂಡರಗಿಯ ಮೈದಾನದಲ್ಲಿ ಇಳಿದಾಗ ಮೊದಲು ಕಂಡದ್ದು ಕಪ್ಪತಗುಡ್ಡದ ಸಾಲಿನ ಮೇಲೆ ಬಿರುಸಾಗಿ ತಿರುಗುತ್ತಿದ್ದ ಗಾಳಿ ಯಂತ್ರಗಳು. ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಕರಿ ಮಣ್ಣು ಮೇಲೆ ಆರಿ ಒಳಗೆ ಮೆತ್ತಗಿತ್ತು. ಗಾಳಿ ಮಾತ್ರ ಬಿಡುವು ಕೊಟ್ಟಿರಲಿಲ್ಲ. ಸುಣ್ಣ ಹಾಕುವವನ ಗೆರೆಯೇ ಸೊಟ್ಟಗಾಗಿತ್ತು.

ಹೊಸ ಆಟವಾದ್ದರಿಂದ ತಂಡಗಳು ಕಡಿಮೆ. ಬೆಳಗಿನ ಪಂದ್ಯ ಸಲೀಸಾಗಿ ಗೆದ್ದೆವು. ಮಧ್ಯಾಹ್ನದ ಫೈನಲ್‌ಗೆ ಎದುರಾದವರು ಶಿರಹಟ್ಟಿ ಕಡೆಯ ತಂಡ. ಎಲ್ಲರೂ ಕಬಡ್ಡಿ ಹುಡುಗಿಯರು, ಗಟ್ಟಿ ಮೈ, ಫ್ಲ್ಯಾಗ್ ಕೀಳುವುದರಲ್ಲಿ ಪಳಗಿದ ಕೈ.

ಮೊದಲರ್ಧದಲ್ಲಿ ಗಾಳಿ ನಮ್ಮ ಬೆನ್ನಿಗಿತ್ತು. ಶಾಹೀನ್ ಎಸೆದದ್ದು ಇನ್ನಷ್ಟು ದೂರ ಹೋಗುತ್ತಿತ್ತು, ರೇಣುಕಾ ಅದರ ಕೆಳಗೇ ಇರುತ್ತಿದ್ದಳು. ಎರಡು ಟಚ್‌ಡೌನ್. ಎರಡನೆಯದರಲ್ಲಿ ಅವಳ ಫ್ಲ್ಯಾಗ್‌ಗೆ ಕೈ ಹಾಕಿದ ಹುಡುಗಿಗೆ ಸಿಕ್ಕದ್ದು ಬರೀ ಧೂಳು. ಹೆಚ್ಚುವರಿ ಅಂಕ ಎರಡೂ ಸಲ ತಪ್ಪಿತು, ಆದರೂ ಅವರದು ಒಂದೇ ಟಚ್‌ಡೌನ್, ಹನ್ನೆರಡಕ್ಕೆ ಆರು. ನನ್ನ ಆಯ್ಕೆ ಸರಿ ಎಂದುಕೊಂಡು ಬಾಟಲಿಯ ನೀರು ಅರ್ಧ ಕುಡಿದೆ.

ದ್ವಿತೀಯಾರ್ಧದಲ್ಲಿ ಬದಿ ಬದಲಾಯಿತು. ಗಾಳಿ ಎದುರಾಯಿತು. ಶಾಹೀನ್ ಎಷ್ಟು ಜೋರಾಗಿ ಎಸೆದರೂ ಚೆಂಡು ನಡುದಾರಿಯಲ್ಲಿ ಯಾರೋ ಕೊರಳಪಟ್ಟಿ ಹಿಡಿದ ಹಾಗೆ ನಿಂತು ಇಳಿಯುತ್ತಿತ್ತು. ರೇಣುಕಾ ಆಗಲೇ ಮುಂದೆ ದಾಟಿ ಹೋಗಿರುತ್ತಿದ್ದಳು. ಹೀಗೆ ಮತ್ತೆ ಮತ್ತೆ ಆಯಿತು. ಎದುರಿನ ಹುಡುಗಿಯೊಬ್ಬಳು ಕೂಗಿದಳು: "ಏ ಖೋಖೋ, ಕಂಬ ಇನ್ನೂ ಮುಂದೈತಿ, ಮುಟ್ಟಿ ಬಾ."

ಅವರು ಒಂದು ಟಚ್‌ಡೌನ್ ಮಾಡಿ, ಹೆಚ್ಚುವರಿ ಅಂಕವನ್ನೂ ಹಾಕಿದರು. ಹದಿಮೂರು–ಹನ್ನೆರಡು. ಒಂದೇ ಅಂಕದಿಂದ ಹಿಂದೆ. ಸಮಯ ತೀರುತ್ತ ಬಂದಾಗ ನಾವು ಹೇಗೋ ಅರ್ಧ ಮೈದಾನ ದಾಟಿದ್ದೆವು, ಆದರೆ ನಾಲ್ಕು ಅವಕಾಶದಲ್ಲಿ ಮೂರು ಕರಗಿದ್ದವು. ನಾನು ಟೈಮ್‌ಔಟ್ ಕೇಳಿದೆ.

ಹುಡುಗಿಯರು ಸುತ್ತ ನಿಂತರು. ಗಾಳಿಗೆ ಮಾತೇ ಕೇಳುತ್ತಿರಲಿಲ್ಲ. ಮೊದಲು ಬಾಯಿ ಬಿಟ್ಟವಳು ರೇಣುಕಾ. "ಮೇಡಂ, ನನ್ನ ತಗೀರಿ. ಚೆಂಡು ನನ್ನ ಹಿಂದನ ಬೀಳಾಕತ್ತೈತಿ. ಬಸವ್ವಕ್ಕನ್ನ ಹಾಕ್ರಿ."

ಬಸವ್ವ ಬಗ್ಗಿ ಬೂಟಿನ ದಾರ ಬಿಗಿಯುತ್ತಿದ್ದಳು. ತಲೆ ಎತ್ತದೆಯೇ ಅಂದಳು: "ನಿನ್ನ ತಗದ್ರ ಅವ್ರೆಲ್ಲಾ ಬಂದು ನನ್ನ ಮ್ಯಾಲೇ ಕುಂಡರ್ತಾರಬೇ. ನೀ ಇರು. ನೀ ಓಡ್ತಿ ಅಂತ ಅವ್ರಿಗೆ ಅಂಜಿಕಿ ಐತಿ."

ಅಷ್ಟು ದಿನ ಇವಳೋ ಅವಳೋ ಎಂದು ತೂಗಿದ್ದೆನೇ ಹೊರತು ಇಬ್ಬರನ್ನೂ ಒಟ್ಟಿಗೆ ಇಳಿಸಿ ನೋಡಿರಲಿಲ್ಲ. ಒಂದು ಜಾಗ, ಒಬ್ಬಳು ಎಂದೇ ತಲೆಯಲ್ಲಿ ಕೂತುಬಿಟ್ಟಿತ್ತು. ಇನ್ನೊಬ್ಬ ಹುಡುಗಿಯನ್ನು ಹೊರಗೆ ಕರೆದು ಬಸವ್ವನನ್ನು ಒಳಗೆ ಕಳಿಸಿದೆ. "ರೇಣುಕಾ, ನೀ ಕಡೀ ಗೆರಿ ದಾಟಿ ಓಡು, ಅವ್ರನ್ನ ಎಳಕೊಂಡು ಹೋಗು. ಶಾಹೀನ್, ಎತ್ತರಕ್ಕ ಒಗಿ, ಬಸವ್ವಗ. ಬಸವ್ವಾ..."

"ಹಿಡೀತೇನ್ರಿ ಮೇಡಂ" ಎಂದಳು.

"ನಾ ಒಗಿತೇನಿ. ಆಮ್ಯಾಲ ಅದು ಗಾಳಿಗೆ ಬಿಟ್ಟಿದ್ದು" ಎಂದು ಶಾಹೀನ್ ಅಂಗೈಯ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡಳು.

ರೆಫರಿ ಸೀಟಿ ಊದಿದರು. ರೇಣುಕಾ ಬಾಣದ ಹಾಗೆ ಹೊರಟಳು, ಇಬ್ಬರು ಅವಳ ಬೆನ್ನು ಹತ್ತಿದರು. ಬಸವ್ವ ದಾಪುಗಾಲಿನಲ್ಲಿ ಕೊನೆಯ ಗೆರೆಯ ಸಮೀಪ ಹೋಗಿ ಚೆಂಡಿನ ಕಡೆ ಮುಖ ಮಾಡಿ ನಿಂತಳು. ಶಾಹೀನ್ ಎಸೆದಳು. ಚೆಂಡು ಏರಿತು, ಏರಿ ಗಾಳಿಯಲ್ಲಿ ತಡವರಿಸಿತು. ಅದರ ಕೆಳಗೆ ಬಸವ್ವ, ಅವಳಿಗೆ ಅಂಟಿಕೊಂಡೇ ಶಿರಹಟ್ಟಿಯ ಅತಿ ಎತ್ತರದ ಹುಡುಗಿ. ಇಬ್ಬರೂ ಒಟ್ಟಿಗೆ ಹಾರಿದರು. ಬಸವ್ವನ ಕೈ ಒಂದು ಗೇಣು ಮೇಲಿತ್ತು.

ಮತ್ತೆ ಆ ಹತ್ತು ಬೆರಳು ಅರಳಿದವು.

ಅವಳು ಹಿಡಿಯಲಿಲ್ಲ. ಸೆಟ್ಟರ್ ಬೆನ್ನ ಹಿಂದಿನವಳಿಗೆ ಚೆಂಡು ಒದಗಿಸುವ ಹಾಗೆ, ಬೆನ್ನು ಬಿಲ್ಲು ಮಾಡಿ, ತಲೆಯ ಮೇಲಿಂದ ಹಿಂದಕ್ಕೆ ತೇಲಿಬಿಟ್ಟಳು. ಚೆಂಡು ಕೊನೆಯ ಗೆರೆ ದಾಟಿತು. ಆದರೆ ರೇಣುಕಾ ಅದಕ್ಕಿಂತ ಎಷ್ಟೋ ಮುಂದೆ, ಇನ್ನೂ ಆ ಕಡೆಗೇ ಓಡುತ್ತಿದ್ದಳು. ಗಾಳಿ ಚೆಂಡನ್ನು ಮತ್ತೆ ನಮ್ಮ ಕಡೆ ತಳ್ಳುತ್ತಿತ್ತು.

"ರೇಣೀ, ಹೊಳ್ಳಬೇ" ಎಂದು ಬಸವ್ವ ಒದರಿದಳು.

ಅವಳು ಹೊರಳಿದಳು. ವರ್ಷಗಟ್ಟಲೆ ಕಲಿತದ್ದನ್ನು ಆ ಕಾಲುಗಳು ಒಂದೇ ಹೆಜ್ಜೆಯಲ್ಲಿ ಬಿಟ್ಟವು. ಬೆನ್ನು ಹತ್ತಿದ್ದ ಇಬ್ಬರೂ ಅವಳು ತಿರುಗುತ್ತಾಳೆಂದು ಎಣಿಸದೆ ಮುಂದೆ ಜಾರಿ ಹೋದರು. ರೇಣುಕಾ ವಾಪಸು ಓಡಿ, ಮಣ್ಣಿನ ಮೇಲೆ ಹೊಟ್ಟೆ ಎಳೆದುಕೊಂಡು ಬಂದು, ಎರಡೂ ಕೈ ಚೆಂಡಿನ ಅಡಿಗೆ ಕೊಟ್ಟಳು.

ರೆಫರಿ ಹತ್ತಿರ ಓಡಿ ಬಂದು ಬಗ್ಗಿ ನೋಡಿದರು. ಎದುರು ತಂಡದ ಸರ್ ಬೌಂಡರಿಯಿಂದಲೇ, "ಇದು ವಾಲಿಬಾಲ್ ಆತಲ್ರಿ" ಎಂದು ತಕರಾರು ತೆಗೆದರು. ರೆಫರಿ ಸಮಾಧಾನವಾಗಿ ಹೇಳಿದರು: "ಚೆಂಡು ನೆಲ ಮುಟ್ಟಿಲ್ರಿ ಸರ್. ಗಾಳಿಯಾಗ ಇರೂತನಕಾ ಯಾರು ಹಿಡಿದ್ರೂ ನಡೀತೈತಿ." ಎರಡೂ ಕೈ ಮೇಲೆತ್ತಿದರು. ಟಚ್‌ಡೌನ್.

ಸಮಯವೂ ಮುಗಿದಿತ್ತು, ಗೆದ್ದಿದ್ದೆವು. ಆಮೇಲಿನ ಐದು ನಿಮಿಷ ನನಗೆ ಸರಿಯಾಗಿ ನೆನಪಿಲ್ಲ. ನನ್ನ ಸೆರಗು ಎಲ್ಲಿತ್ತೋ, ಚಪ್ಪಲಿ ಎಲ್ಲಿತ್ತೋ. ಕಣ್ಣಿಗೆ ಕಟ್ಟಿರುವುದು ಒಂದೇ: ಮುಖ ತುಂಬ ಕರಿ ಮಣ್ಣು ಮೆತ್ತಿಕೊಂಡ ರೇಣುಕಾಳನ್ನು ಬಸವ್ವ ಜ್ವಾರಿ ಚೀಲ ಎತ್ತಿದ ಹಾಗೆ ಹೆಗಲಿಗೆ ಹಾಕಿಕೊಂಡು ತಿರುಗುತ್ತಿದ್ದದ್ದು, ಅವಳು "ಇಳಸಬೇ, ತಲಿ ತಿರಗತೈತಿ" ಎಂದು ಬೆನ್ನಿಗೆ ಗುದ್ದುತ್ತಿದ್ದದ್ದು.

ಬಸ್ಸಿನಲ್ಲಿ ಬಸವ್ವನನ್ನು ಕೇಳಿದೆ: "ಹಿಡದಿದ್ರ ಆ ಶಿರಹಟ್ಟಿ ಹುಡಿಗಿ ಫ್ಲ್ಯಾಗ್ ಕೀಳ್ತಿದ್ಲು ಅಂತ ವಿಚಾರ ಮಾಡಿ ಹಾರಸಿದಿ ಏನ?"

ಅವಳು ತನ್ನ ಬೆರಳುಗಳನ್ನು ಬಿಡಿಸಿ ನೋಡಿಕೊಂಡಳು. "ಖರೆ ಹೇಳ್ಲೇನ್ರಿ ಮೇಡಂ? ಕೈ ತಾನ ಹೋತ್ರಿ."

ರಾಜ್ಯಮಟ್ಟದಲ್ಲಿ ನಾವು ಎರಡನೇ ಪಂದ್ಯಕ್ಕೇ ಸೋತು ಬಂದೆವು. ಅಲ್ಲಿ ಗಾಳಿ ಇರಲಿಲ್ಲ ಎಂದು ಶಾಹೀನ್ ಇವತ್ತಿಗೂ ನೆಪ ಹೇಳುತ್ತಾಳೆ. ಬಸವ್ವನಿಗೆ ಬಿ.ಪಿ.ಎಡ್. ಸೀಟು ಸಿಕ್ಕಿತು.

ಹೊಸ ಆಟ ಕಲಿಸುವಾಗ ಮಕ್ಕಳ ಮೈಯಲ್ಲಿರುವ ಹಳೆಯ ಆಟವನ್ನು ಕಳೆ ಕಿತ್ತ ಹಾಗೆ ಕಿತ್ತು ಹಾಕಬೇಕು ಎಂದು ನಾನು ತಿಳಿದಿದ್ದೆ. ಆ ಮಧ್ಯಾಹ್ನ ಒಬ್ಬಳು ತನ್ನದನ್ನು ಬಿಟ್ಟಳು, ಇನ್ನೊಬ್ಬಳು ತನ್ನದನ್ನು ಬಿಡಲಿಲ್ಲ, ಎರಡೂ ಬೇಕಾಗಿತ್ತು. ಯಾವುದು ಕಳೆ, ಯಾವುದು ಪೈರು ಎಂದು ತಾಲೀಮಿನಲ್ಲೇ ತೀರ್ಮಾನಿಸುವ ಆತುರ ಈಗ ನನಗಿಲ್ಲ. ವೇಗವೋ ಗಾತ್ರವೋ ಎಂದು ಯಾರಾದರೂ ಕೇಳಿದರೆ ತಕ್ಷಣ ಉತ್ತರಿಸುವುದನ್ನೂ ಬಿಟ್ಟಿದ್ದೇನೆ.

ಹೋದ ಆಷಾಢದಲ್ಲಿ ಬಸವ್ವನ ಫೋನ್ ಬಂತು. ಈಗ ಅವಳು ಲಕ್ಷ್ಮೇಶ್ವರದ ಕಡೆ ಒಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾಳೆ. ಹಿಂದೆ ಮಕ್ಕಳ ಗದ್ದಲ, ಸೀಟಿಯ ಸದ್ದು.

"ಮೇಡಂರಿ, ಇಲ್ಲಿ ನನ್ನ ಕಡೆ ಇಬ್ರು ಹುಡಿಗ್ಯಾರು ಅದಾರ. ಒಬ್ಬಾಕಿ ಭಾಳ ಓಡ್ತಾಳ, ಇನ್ನೊಬ್ಬಾಕಿ ನನ್ನಂಗ ಉದ್ದ. ನಾಳೆ ಮ್ಯಾಚ್ ಐತಿ. ಯಾರನ್ನ ಇಳಸ್ಲಿರಿ?"

ನಾನು ರೊಟ್ಟಿಯ ಹಂಚು ಕೆಳಗಿಳಿಸಿ ಕೇಳಿದೆ: "ಗಾಳಿ ಯಾವ ಕಡಿಂದ ಬೀಸಾಕತ್ತೈತಿ, ಮೊದಲ ಅದನ್ನ ಹೇಳವಾ."